ದೇವರಿಗೂ ಪಾಸ್‌ಪೋರ್ಟ್ ಇದೆಯೇ?



ದೇವರಿಗೆ ಕೆಲವು ದೇಶಗಳೆಂದರೆ ಹೆಚ್ಚು ಅಕ್ಕರೆ, ಇನ್ನು ಕೆಲವೆಂದರೆ ಅಷ್ಟಕ್ಕಷ್ಟೆ ಎಂದು ಇದೆಯೇ? ಅಮೆರಿಕದಲ್ಲಿ ಬೆಳೆಯುತ್ತಿರುವ ನಿಮಗೆ ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ಬೆಳಿಗ್ಗೆ ಶಾಲೆಯಲ್ಲಿ ಎದೆಯ ಮೇಲೆ ಕೈಯಿಟ್ಟು ಹೇಳುವ ಪ್ರತಿಜ್ಞೆಯಲ್ಲಿ ದೇವರ ಹೆಸರಿದೆ. ಸಂಜೆ ಊರಿನಿಂದ ಫೋನ್ ಮಾಡುವ ಅಜ್ಜಿ, "ನಮ್ಮದು ಪುಣ್ಯಭೂಮಿ ಕಣೋ, ದೇವರು ಅವತಾರ ಎತ್ತಿದ್ದೆಲ್ಲ ಇಲ್ಲೇ" ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ? ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ಶಾಲೆಯ ಪ್ರತಿಜ್ಞೆ. ಅದನ್ನು 1892ರಲ್ಲಿ ಬರೆದಾಗ ಅದರಲ್ಲಿ ದೇವರ ಮಾತೇ ಇರಲಿಲ್ಲ. ಅದು ಸೇರಿದ್ದು 1954ರಲ್ಲಿ, ಸೋವಿಯತ್ ಒಕ್ಕೂಟದ ಜೊತೆ ಶೀತಲ ಸಮರ ನಡೆಯುತ್ತಿದ್ದ ಕಾಲದಲ್ಲಿ. ನಾಣ್ಯದ ಮೇಲೆ ದೇವರನ್ನು ನಂಬಿದ್ದೇವೆ ಎಂಬ ಮಾತು ಮೊದಲು ಬಂದದ್ದು 1864ರಲ್ಲಿ, ಅಂತರ್ಯುದ್ಧದ ನಡುವೆ. ಅದೇ ಮಾತು ರಾಷ್ಟ್ರದ ಧ್ಯೇಯವಾಕ್ಯವಾದದ್ದು 1956ರಲ್ಲಿ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ, ನಮ್ಮ ಗಾದೆ ನೆನಪಾಗುತ್ತದೆ: ಸಂಕಟ ಬಂದಾಗ ವೆಂಕಟರಮಣ. ದೇಶಕ್ಕೆ ಭಯವಾದಾಗಲೆಲ್ಲ ದೇವರ ಹೆಸರು ಮುಂದೆ ಬಂದಿದೆ. ಭಯದಲ್ಲಿ ದೇವರನ್ನು ಕರೆಯುವುದು ತಪ್ಪೇನಲ್ಲ. ಆದರೆ ನಾವು ಕರೆದೆವು ಎಂದ ಮಾತ್ರಕ್ಕೆ ಅವನು ನಮ್ಮ ಪಕ್ಷ ಸೇರಿದ ಎಂದು ಹೇಳಲಾಗದು.

ಇದನ್ನು ಚೆನ್ನಾಗಿ ಅರಿತಿದ್ದವರು ಅಧ್ಯಕ್ಷ ಲಿಂಕನ್. 1865ರ ಮಾರ್ಚ್ 4ರಂದು ಅವರು ಎರಡನೇ ಬಾರಿ ಅಧಿಕಾರ ಸ್ವೀಕರಿಸಿದಾಗ ಉತ್ತರದ ಗೆಲುವು ಹತ್ತಿರವಾಗಿತ್ತು. ದೇವರು ನಮ್ಮ ಕಡೆ ಇದ್ದಾನೆ ಎಂದು ಘೋಷಿಸಲು ಅದಕ್ಕಿಂತ ಒಳ್ಳೆಯ ದಿನ ಬೇಕೇ? ಅವರು ಹಾಗೆ ಮಾಡಲಿಲ್ಲ. ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು, ಯಾರ ಪ್ರಾರ್ಥನೆಯೂ ಪೂರ್ತಿ ಈಡೇರಿಲ್ಲ ಎಂಬರ್ಥದ ಮಾತಾಡಿದರು. ಗುಲಾಮಗಿರಿಯ ಪಾಪಕ್ಕೆ ಉತ್ತರ, ದಕ್ಷಿಣ ಎರಡೂ ತೆರುತ್ತಿರುವ ದಂಡವೇ ಈ ಯುದ್ಧವಾಗಿರಬಹುದು ಎಂದರು. ಗೆಲ್ಲುತ್ತಿರುವ ನಾಯಕನೊಬ್ಬ ತನ್ನ ಕಡೆಯವರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು ಇತಿಹಾಸದಲ್ಲಿ ಅಪರೂಪ. ಸುಮಾರು ಐವತ್ತು ವರ್ಷಗಳ ನಂತರ, ಮೊದಲ ಮಹಾಯುದ್ಧದಲ್ಲಿ, ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ ದೇವರು ನಮ್ಮೊಂದಿಗಿದ್ದಾನೆ ಎಂದು ಅಚ್ಚೊತ್ತಿತ್ತು. ಎದುರಿನ ಕಂದಕದಲ್ಲಿದ್ದ ಇಂಗ್ಲಿಷ್ ಸೈನಿಕನೂ ಅದೇ ಯೇಸುವಿಗೆ ಪ್ರಾರ್ಥಿಸುತ್ತಿದ್ದ.

ಯುದ್ಧದ ಮಾತು ಹಾಗಿರಲಿ. ಕೆಲವು ದೇಶಗಳು ಸುಖವಾಗಿವೆ, ಕೆಲವು ಕಷ್ಟದ ಮೇಲೆ ಕಷ್ಟ ಅನುಭವಿಸುತ್ತಿವೆ. ಇದಾದರೂ ದೇವರ ಒಲವಿನ ಗುರುತಲ್ಲವೇ ಎಂದು ನೀವು ಕೇಳಬಹುದು. ಒಂದೇ ವರ್ಷದ ಎರಡು ಭೂಕಂಪಗಳನ್ನು ಹೋಲಿಸಿ ನೋಡೋಣ.

2010ರ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಸೈತಾನನ ಜೊತೆ ಮಾಡಿಕೊಂಡ ಒಪ್ಪಂದದ ಫಲವಾಗಿ ಆ ದೇಶ ಶಾಪಗ್ರಸ್ತವಾಗಿದೆ ಎಂದು ಅಮೆರಿಕದ ಟಿವಿ ಧರ್ಮಪ್ರಚಾರಕರೊಬ್ಬರು ಮರುದಿನವೇ ಹೇಳಿದರು. ಆರೇಳು ವಾರಗಳಲ್ಲಿ, ಫೆಬ್ರವರಿ 27ರಂದು, ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಅದು ಹೈಟಿಯದಕ್ಕಿಂತ ಸುಮಾರು 500 ಪಟ್ಟು ದೊಡ್ಡದು. ಆದರೆ ಅಲ್ಲಿ ಸತ್ತವರು ಸುಮಾರು 500 ಜನ.

ಹಾಗಾದರೆ ದೇವರಿಗೆ ಚಿಲಿ ಇಷ್ಟವೇ? ಹೈಟಿಯ ಕಂಪನದ ಕೇಂದ್ರ ರಾಜಧಾನಿಗೆ ತೀರಾ ಹತ್ತಿರವಿತ್ತು, ಅದು ಒಂದು ಕಾರಣ. ಇನ್ನೊಂದು ದೊಡ್ಡ ಕಾರಣ ಮನೆಗಳದ್ದು. ಚಿಲಿಯಲ್ಲಿ 1960ರಲ್ಲಿ 9.5 ತೀವ್ರತೆಯ ಭೂಕಂಪವಾಗಿತ್ತು. ಆ ದೇಶ ಅದರಿಂದ ಪಾಠ ಕಲಿತು ಕಟ್ಟಡಗಳಿಗೆ ಬಿಗಿಯಾದ ನಿಯಮ ಮಾಡಿ, ಅದನ್ನು ಪಾಲಿಸಿತು. ಹೈಟಿಯಲ್ಲಿ ಅಂಥ ನಿಯಮವನ್ನು ಜಾರಿಗೆ ತರುವ ಶಕ್ತಿ ಸರ್ಕಾರಕ್ಕಿರಲಿಲ್ಲ, ಗಟ್ಟಿ ಮನೆ ಕಟ್ಟಿಕೊಳ್ಳುವ ಹಣ ಜನರ ಕೈಯಲ್ಲಿರಲಿಲ್ಲ. ಏಕೆ ಇರಲಿಲ್ಲ? ಗುಲಾಮರಾಗಿದ್ದವರು ಬಂಡೆದ್ದು 1804ರಲ್ಲಿ ಸ್ವತಂತ್ರಗೊಳಿಸಿಕೊಂಡ ದೇಶ ಅದು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, ತನಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ ಎಂದಿತು. ಮೊತ್ತವನ್ನು ಆಮೇಲೆ 9 ಕೋಟಿಗೆ ಇಳಿಸಿದರೂ, ಅದಕ್ಕಾಗಿ ಮಾಡಿದ ಸಾಲದ ಹೊರೆ ಪೂರ್ತಿ ತೀರಿದ್ದು 1947ರಲ್ಲಿ. ಸ್ವಾತಂತ್ರ್ಯ ಪಡೆದ ತಪ್ಪಿಗೆ ದಂಡ ಕಟ್ಟಿದ ದೇಶ ಅದು. ಮನುಷ್ಯರು ಮಾಡಿದ ಅನ್ಯಾಯವನ್ನು ದೇವರ ಖಾತೆಗೆ ಬರೆದರೆ, ಮಾಡಿದವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ದೇವರು ಪಕ್ಷಪಾತಿ ಎಂಬ ನಂಬಿಕೆಯ ನಿಜವಾದ ಅಪಾಯ ಇದು. ನೊಂದವರನ್ನು ಕಂಡಾಗ ಕರುಣೆಯ ಬದಲು, ಅನುಭವಿಸಲಿ ಬಿಡು ಎನಿಸಿಬಿಡುತ್ತದೆ.

ನಮ್ಮಲ್ಲೂ ಇಂಥ ಚರ್ಚೆ ನಡೆದಿದೆ. 1934ರ ಬಿಹಾರದ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಟಾಗೋರರು ಇದನ್ನು ಒಪ್ಪಲಿಲ್ಲ. ಪ್ರಕೃತಿಯ ವಿಕೋಪಕ್ಕೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕು ಎಂದು ಬರೆದರು. ಗಾಂಧೀಜಿ ಆ ಪತ್ರವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಮಾಡಿದರು.

ಹಾಗಿದ್ದರೆ ಅಜ್ಜಿ ಹೇಳುವ ಪುಣ್ಯಭೂಮಿ ಬರೀ ಸುಳ್ಳೇ? ಅಲ್ಲ. ವಿಷ್ಣುಪುರಾಣ ಭಾರತವರ್ಷವನ್ನು ಬಹಳ ಹೊಗಳುತ್ತದೆ, ಅಲ್ಲಿ ಹುಟ್ಟಿದವರು ಧನ್ಯರೆಂದು ದೇವತೆಗಳೇ ಹಾಡುತ್ತಾರೆ ಎನ್ನುತ್ತದೆ. ಆದರೆ ಹೊಗಳಿಕೆಯ ಕಾರಣ ಗಮನಿಸಿ. ಅದು ಕರ್ಮಭೂಮಿ, ಉಳಿದವು ಭೋಗಭೂಮಿಗಳು ಎಂದು ಪುರಾಣದ ಮಾತು. ಅಲ್ಲಿ ಹುಟ್ಟಿದವರಿಗೆ ಸಿಕ್ಕ ಹೆಚ್ಚುಗಾರಿಕೆ ಎಂದರೆ ದುಡಿದು ಮೇಲೇರುವ ಅವಕಾಶ. ಬೈಬಲಿನ ಆಮೋಸ ಎಂಬ ಪ್ರವಾದಿಯೂ ಇಂಥದೇ ಮಾತು ಹೇಳುತ್ತಾನೆ. ದೇವರು ಆರಿಸಿಕೊಂಡ ಜನ ನಾವು ಎಂದು ಬೀಗುತ್ತಿದ್ದ ಇಸ್ರೇಲಿಗೆ ಅವನು ಕೊಟ್ಟ ಎಚ್ಚರಿಕೆ ಎರಡು. ನಿಮ್ಮನ್ನು ಈಜಿಪ್ಟಿನಿಂದ ಕರೆತಂದ ದೇವರೇ ನಿಮ್ಮ ಶತ್ರುಗಳಾದ ಫಿಲಿಷ್ಟಿಯರನ್ನೂ ಅವರ ನೆಲೆಗೆ ಕರೆತಂದ ಎಂಬುದು ಒಂದು. ಆರಿಸಿಕೊಂಡದ್ದಕ್ಕಾಗಿಯೇ ನಿಮ್ಮ ತಪ್ಪುಗಳ ಲೆಕ್ಕ ಕೇಳುತ್ತಾನೆ ಎಂಬುದು ಇನ್ನೊಂದು. ಮನೆಯ ಹಿರಿಮಗಳಿಗೆ ಮುದ್ದಿಗಿಂತ ಜವಾಬ್ದಾರಿ ಹೆಚ್ಚಿರುತ್ತದಲ್ಲ, ಹಾಗೆ.

ಇಲ್ಲಿನ ದೇವಸ್ಥಾನಕ್ಕೆ ಹೋದಾಗ ಅರ್ಚಕರು ಹೇಳುವ ಸಂಕಲ್ಪವನ್ನು ಕಿವಿಗೊಟ್ಟು ಕೇಳಿ. ಊರಿನಲ್ಲಾದರೆ ಜಂಬೂದ್ವೀಪ, ಭರತವರ್ಷ ಎಂದು ಪೂಜೆ ನಡೆಯುವ ಜಾಗವನ್ನು ಹೆಸರಿಸುತ್ತಾರೆ. ಅಮೆರಿಕದ ಅನೇಕ ದೇವಸ್ಥಾನಗಳಲ್ಲಿ ಅದರ ಬದಲು ಕ್ರೌಂಚದ್ವೀಪ, ರಮಣಕವರ್ಷ ಎನ್ನುತ್ತಾರೆ. ವಿಳಾಸ ಬದಲಾಯಿತು, ಪೂಜೆ ಅದೇ. ದೇವರಿಗೆ ವೀಸಾ ಬೇಕಾಗಲಿಲ್ಲ.

ಕೊನೆಯದಾಗಿ ಒಂದು ಮಾತು. ಅಮೆರಿಕವನ್ನು ಹರಸು ಎಂದು ದೇವರನ್ನು ಬೇಡುವ ಪ್ರಸಿದ್ಧ ಹಾಡನ್ನು ಬರೆದ ಇರ್ವಿಂಗ್ ಬರ್ಲಿನ್, ಐದು ವರ್ಷದ ಮಗುವಾಗಿದ್ದಾಗ ರಷ್ಯಾದಿಂದ ವಲಸೆ ಬಂದ ಯಹೂದಿ. ನಿಮ್ಮ ಹಾಗೆ ಅವರದೂ ವಲಸೆಗಾರರ ಮನೆ. ಹರಸು ಎಂಬುದು ಬೇಡಿಕೆ. ಹರಸಿಯಾಗಿದೆ, ನಾವೇ ಮೇಲು ಎಂಬುದು ಜಂಬ. ಇವೆರಡರ ನಡುವಿನ ಗೆರೆ ನಿಮಗೆ ಗೊತ್ತಿದ್ದರೆ ಈ ದೇಶಕ್ಕಾಗಿಯೂ ಬೇಡಬಹುದು, ಅಜ್ಜಿಯ ದೇಶಕ್ಕಾಗಿಯೂ ಬೇಡಬಹುದು. ಹಾಗೆ ಬೇಡುವಾಗ ಹೈಟಿಯನ್ನೂ ಸೇರಿಸಿಕೊಳ್ಳಿ.