ಹೋದ ಜ್ವರ ಮತ್ತೆ ಬಂದಾಗ

ಹಾನಗಲ್ಲ, ಶಿಗ್ಗಾಂವಿ ಕಡೆ ದನ ಸಾಕಿದವರಿಗೆ ಉಣ್ಣಿಯ ಪರಿಚಯ ಮಾಡಿಕೊಡಬೇಕಿಲ್ಲ. ಆಕಳ ಕಿವಿಯೊಳಗೆ ಔಡಲ ಬೀಜದಂತೆ ಉಬ್ಬಿ, ದಿನಗಟ್ಟಲೆ ಕಚ್ಚಿಕೊಂಡೇ ಇರುತ್ತದೆ. ಇದು ಗಟ್ಟಿ ಬೆನ್ನಿನ ಜಾತಿ. ಇದರ ದಾಯಾದಿ ಮೆತ್ತನೆಯ ಉಣ್ಣಿಗೆ ತಗಣಿಯ ಚಾಳಿ. ಆಫ್ರಿಕಾದ ಮಣ್ಣಿನ ಮನೆಗಳ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಮಲಗಿದವರ ರಕ್ತವನ್ನು ಅರ್ಧ ತಾಸಿನೊಳಗೆ ಹೀರಿ ಮರೆಯಾಗುತ್ತದೆ. ಕಡಿಸಿಕೊಂಡವರಿಗೆ ಅದರ ಅರಿವೇ ಇರುವುದಿಲ್ಲ. ಅದು ಮೈಗೆ ಬಿಡುವುದು ಬೊರೇಲಿಯಾ ಎಂಬ ಸುರುಳಿ ಬ್ಯಾಕ್ಟೀರಿಯಾವನ್ನು.

ಮೂರು ದಿನ ಮೈ ಸುಟ್ಟು, ಬೆವರಿ, ಜ್ವರ ಇಳಿಯುತ್ತದೆ. ಗುಣವಾಯಿತೆಂದು ಹೊಲಕ್ಕೆ ಹೋದವನು ವಾರದೊಳಗೆ ಮತ್ತೆ ಹಾಸಿಗೆ ಹಿಡಿಯುತ್ತಾನೆ. ನಮ್ಮೂರುಗಳಿಗೆ ಬರುವ ಹಗಲುವೇಷದವರು ದಿನಕ್ಕೊಂದು ವೇಷ ಕಟ್ಟುತ್ತಾರಲ್ಲ, ಬೊರೇಲಿಯಾವೂ ಹಾಗೆಯೇ. ದೇಹವು ಬೊರೇಲಿಯಾದ ಹೊರಮೈ ಪ್ರೋಟೀನನ್ನು ಗುರುತು ಹಿಡಿದು ಹೆಚ್ಚಿನವನ್ನೆಲ್ಲ ಕೊಲ್ಲುತ್ತದೆ. ಅಷ್ಟರಲ್ಲಿ ಕೆಲವು ಬೇರೊಂದು ವಂಶವಾಹಿಯನ್ನು ಚಾಲೂ ಮಾಡಿಕೊಂಡು ಹೊಸ ಪ್ರೋಟೀನು ತೊಟ್ಟಿರುತ್ತವೆ. ಅವು ಬೆಳೆದಾಗ ದೇಹ ಮತ್ತೆ ಮೊದಲಿನಿಂದ ಗುರುತು ಕಲಿಯಬೇಕು. ಜ್ವರವಿಲ್ಲದ ದಿನ ರಕ್ತ ತೆಗೆದರೆ ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.

ಧಾತು ಸಂವತ್ಸರದ ಬರ ಬಿದ್ದಾಗ ಹಸಿದವರು ಬಂದು ಕಿಕ್ಕಿರಿದ ಮುಂಬಯಿಯಲ್ಲಿ 1877ರಲ್ಲಿ ಇದೇ ಬಗೆಯ ಮರಳಿ ಬರುವ ಜ್ವರ ಹಬ್ಬಿತು. ರೋಗಿಗಳ ರಕ್ತದಲ್ಲಿ ಆ ಸುರುಳಿಗಳನ್ನು ಕಂಡು, ಮಂಗಗಳಿಗೂ ರೋಗ ದಾಟಿಸಿ ತೋರಿಸಿದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ‘ಗ್ರೇಸ್ ಅನಾಟಮಿ’ಗೆ ಮೊದಲು ಚಿತ್ರ ಬರೆದವರೂ ಇವರೇ. ಪುಸ್ತಕ ಬರೆದ ಗ್ರೇ ಹೆಸರು ಉಳಿಯಿತು, ಚಿತ್ರಕಾರನದು ಮಸುಕಾಯಿತು. ಅಂದು ರೋಗ ಹೊತ್ತದ್ದು ಉಣ್ಣಿಯಲ್ಲ, ಬಟ್ಟೆಯ ಹೇನು; ಅದನ್ನು 1907ರಲ್ಲಿ ನಾಸಿಕದಲ್ಲಿ ಮ್ಯಾಕಿ ಎಂಬ ವೈದ್ಯರು ಪತ್ತೆ ಹಚ್ಚಿದರು.

ನಮ್ಮ ಸೀಮೆಗೆ ಉಣ್ಣಿಯಿಂದ ಇರುವ ಭಯ ಬೇರೆ. ಹಾನಗಲ್ಲಿನ ಗಡಿ ದಾಟಿದರೆ ಸೊರಬ. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಮಂಗನ ಕಾಯಿಲೆ ಬೆಳಕಿಗೆ ಬಂತು. ಅದನ್ನು ತರುವುದು ವೈರಸ್, ವೇಷ ಬದಲಿಸುವ ಬ್ಯಾಕ್ಟೀರಿಯಾ ಅಲ್ಲ. ಆದರೂ ಕೆಲವರಲ್ಲಿ ಒಂದೆರಡು ವಾರ ಬಿಟ್ಟು ಜ್ವರ ಮರಳಿ ಬರುತ್ತದೆ, ಈ ಸಲ ತಲೆನೋವು, ನಡುಕ, ಗೊಂದಲದೊಡನೆ. ಬೊರೇಲಿಯಾಕ್ಕೆ ಡಾಕ್ಸಿಸೈಕ್ಲಿನ್ ಮದ್ದು. ಮಂಗನ ಕಾಯಿಲೆಗೆ ನೇರ ಮದ್ದಿಲ್ಲ, ಆರೈಕೆಯೇ ಆಧಾರ.

ಸೌದೆಗೋ ದರಕಿಗೋ ಕಾಡಿಗೆ ಹೋಗಿ ಬಂದಮೇಲೆ ಜ್ವರ ಬಂದರೆ, ಡಾಕ್ಟರು ಕೇಳಲಿ ಬಿಡಲಿ, ಉಣ್ಣಿ ಕಡಿದದ್ದನ್ನು ನೀವಾಗಿಯೇ ಹೇಳಿ.