ಬಾಣಂತಿಯ ಬಾಗಿಲಲ್ಲಿ ದಾಸೋಹ

ಆಫ್ರಿಕಾ ಖಂಡದ ಕುಗ್ರಾಮಗಳಿಗೆ ಹೋಗಿ, ಅಲ್ಲಿಯ ಎಳೆಯ ತಾಯಂದಿರ ಹಾಗೂ ಹಸುಗೂಸುಗಳ ಸೇವೆ ಮಾಡಿ ಬರುವ ಯುವಜನರ ವಿಷಯವನ್ನು ನಾವು ಆಗಾಗ ಕೇಳುತ್ತೇವೆ. ಕಡಲಾಚೆಗೂ ಹರಿಯುವ ಆ ಕರುಣೆ ದೊಡ್ಡದು. ಆದರೆ ಆ ನಾಡುಗಳಲ್ಲಿ ಕೂಸುಗಳ ಜೀವ ಕಾಯುವ ಕೆಲಸದ ಬಹುಭಾಗವನ್ನು ಹೊತ್ತವರು ಹೊರಗಿನಿಂದ ಬಂದವರಲ್ಲ. ಅದೇ ಊರಿನ, ಅದೇ ಕೇರಿಯ ಹೆಣ್ಣುಮಕ್ಕಳು. ರುವಾಂಡಾ ದೇಶದಲ್ಲಿ ಹಳ್ಳಿಯ ಜನರೇ ತಮ್ಮೊಳಗಿನಿಂದ ಆರೋಗ್ಯ ಸೇವಕರನ್ನು ಆರಿಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬಾಕೆಗೆ ಗರ್ಭಿಣಿಯರ ಮತ್ತು ನವಜಾತ ಶಿಶುಗಳ ಯೋಗಕ್ಷೇಮವೇ ಕೆಲಸವಾಗಿತ್ತು. ಇಥಿಯೋಪಿಯಾ ದೇಶವು 2003ರಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ಸುಮಾರು ಒಂದು ವರ್ಷದ ತರಬೇತಿ ಕೊಟ್ಟು, ಸಂಬಳ ಗೊತ್ತುಮಾಡಿ, ಮನೆಮನೆಗೆ ಕಳುಹಿಸಿತು. ನೆರೆಯವಳೇ ನೆರೆಯವಳನ್ನು ಕಾಯುವುದು ಅಲ್ಲಿಯ ದಾರಿ.

ಅದೇ ದಾರಿ ನಮ್ಮ ಊರುಗಳಲ್ಲೂ ಉಂಟು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯನ್ನು ರೈತರು ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಲ್ಲರು. ಹೊಸ ತಳಿಯ ಸಸಿಯನ್ನು ಮೊದಲ ದಿನಗಳಲ್ಲಿ ಹೇಗೆ ಕಾಪಾಡಬೇಕೆಂಬುದನ್ನು ಬಲ್ಲ ಸೀಮೆ ಇದು. ಮನೆಯೊಳಗೆ ಹುಟ್ಟಿದ ಕೂಸಿನ ಮೊದಲ ದಿನಗಳನ್ನು ಅಷ್ಟೇ ಎಚ್ಚರದಿಂದ ಕಾಯುತ್ತಿದ್ದೇವೆಯೇ ಎಂಬುದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಆರು ಸಲ ಬರುವ ಅತಿಥಿ

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತಾಯಿ-ಮಗು ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಆರು ಸಲ ಬಂದು ನೋಡಬೇಕೆಂಬ ನಿಯಮವಿದೆ: ಹೆರಿಗೆಯ 3, 7, 14, 21, 28 ಮತ್ತು 42ನೆಯ ದಿನಗಳಂದು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನದ ಭೇಟಿಯೂ ಸೇರಿ ಏಳು ಸಲ. ಆಕೆ ಕೂಸಿನ ತೂಕ ನೋಡುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಹೊಕ್ಕುಳನ್ನು ಪರೀಕ್ಷಿಸುತ್ತಾಳೆ, ತಾಯಿಗೆ ಜ್ವರ ಅಥವಾ ರಕ್ತಸ್ರಾವ ಉಂಟೇ ಎಂದು ವಿಚಾರಿಸುತ್ತಾಳೆ.

ಈ ಪದ್ಧತಿಯ ಬೇರು ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿದೆ. ವೈದ್ಯ ದಂಪತಿಗಳಾದ ಅಭಯ ಬಂಗ್ ಮತ್ತು ರಾಣಿ ಬಂಗ್ ಅವರು 1993ರಲ್ಲಿ ಅಲ್ಲಿಯ 39 ಹಳ್ಳಿಗಳಲ್ಲಿ ಒಂದು ಪ್ರಯೋಗ ಕೈಗೊಂಡರು. ಅಲ್ಪಸ್ವಲ್ಪ ಓದುಬರಹ ಬಲ್ಲ ಹಳ್ಳಿಯ ಹೆಣ್ಣುಮಕ್ಕಳಿಗೆ ಕೂಸನ್ನು ಬೆಚ್ಚಗಿಡುವುದು, ಉಸಿರು ಎಣಿಸುವುದು, ಸೋಂಕಿನ ಗುರುತು ಹಿಡಿಯುವುದನ್ನು ಕಲಿಸಿದರು. ಕೆಲವೇ ವರ್ಷಗಳಲ್ಲಿ ಆ ಹಳ್ಳಿಗಳ ನವಜಾತ ಶಿಶುಗಳ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು. 1999ರಲ್ಲಿ ಇದು ಜಗತ್ತಿನ ವೈದ್ಯರ ಗಮನಕ್ಕೆ ಬಂತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಂದಾಗಿ, ಆಫ್ರಿಕಾ ಮತ್ತು ಏಷ್ಯಾದ ದೇಶಗಳೆಲ್ಲ ಬಾಣಂತಿಯ ಮನೆಗೇ ಹೋಗಿ ಕೂಸನ್ನು ನೋಡುವ ವ್ಯವಸ್ಥೆ ಮಾಡಿಕೊಳ್ಳಲೆಂದು ಸಲಹೆ ಇತ್ತವು. ಹಳ್ಳಿಯ ಹೆಣ್ಣುಮಗಳ ಕೈಯಿಂದ ಆದ ಕೆಲಸ ಲೋಕಕ್ಕೆ ಪಾಠವಾಯಿತು.

ನಮ್ಮ ನಾಡಿನಲ್ಲಿಯೂ ಫಲ ಕಂಡಿದೆ. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಅಸುನೀಗುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಆಸ್ಪತ್ರೆಯ ಹೆರಿಗೆ, 2008ರ ನವೆಂಬರ್ 1ರಂದು ಆರಂಭವಾದ 108 ಆಂಬ್ಯುಲೆನ್ಸ್, ತಾಯಿ ಕಾರ್ಡು ಹಿಡಿದು ಮನೆಮನೆ ತಿರುಗುವ ಆಶಾ, ಅಂಗನವಾಡಿಯ ತಾಯಂದಿರು, ಇವೆಲ್ಲವೂ ಕೂಡಿ ಆದ ಕೆಲಸ ಇದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಿಗೊಬ್ಬರು 18 ತುಂಬುವ ಮೊದಲೇ ಮದುವೆಯಾಗಿದ್ದವರು. ತಾನೇ ಇನ್ನೂ ಬೆಳೆಯಬೇಕಾದ ದೇಹ ಇನ್ನೊಂದು ಜೀವವನ್ನು ಹೊರುವುದೆಂದರೆ ಎರಡು ಜೀವಗಳಿಗೂ ಅಪಾಯವೇ.

ಸೂತಕವೆಂಬ ಗೋಡೆ

ಆಶಾ ಬರುತ್ತಾಳೆ, ನಿಜ. ಆದರೆ ಬಾಗಿಲು ತೆರೆಯುತ್ತದೆಯೇ? ಪುರುಡಿನ ದಿನಗಳಲ್ಲಿ ಬಾಣಂತಿಯ ಕೋಣೆಗೆ ಯಾರನ್ನೂ ಬಿಡದ ಮನೆಗಳಿವೆ. ಬಂದವಳ ಜಾತಿ ಕೇಳಿ ಪಡಸಾಲೆಯಲ್ಲೇ ಮಾತನಾಡಿಸಿ ಕಳುಹಿಸುವವರೂ ಇದ್ದಾರೆ. ಮೊದಲ ಗಿಣ್ಣುಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪ ಸವರುವುದು, ಹೊಕ್ಕುಳಿಗೆ ಎಣ್ಣೆ-ಬೂದಿ ಹಚ್ಚುವುದು, ಬಾಣಂತಿಗೆ ನೀರು ಮತ್ತು ಸೊಪ್ಪು-ತರಕಾರಿಗಳನ್ನು ಕಡಿಮೆ ಮಾಡುವುದು ಇನ್ನೂ ಪೂರ್ತಿ ನಿಂತಿಲ್ಲ.

2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ, ಸೂತಕದ ಕಾರಣ ಊರ ಹೊರಗಿನ ಗುಡಿಸಿಲಿನಲ್ಲಿ ಇರಿಸಿದ್ದ ಬಾಣಂತಿಯ ಎಳೆಗೂಸು ಮಳೆ-ಚಳಿಗೆ ಸಿಲುಕಿ ತೀರಿಕೊಂಡಿತು. ಆ ಸುದ್ದಿ ಓದಿ ನಾವೆಲ್ಲ ಮರುಗಿದೆವು. ಆದರೆ ಅನ್ಯರ ಹಟ್ಟಿಯತ್ತ ಬೆರಳು ತೋರಿಸುವ ಮುನ್ನ ನಮ್ಮ ಮನೆಯ ಹೊಸ್ತಿಲನ್ನು ನೋಡಿಕೊಳ್ಳುವುದು ಒಳ್ಳೆಯದು. ಗುಡಿಸಿಲು ಊರ ಹೊರಗಿದ್ದರೇನು, ಮನೆಯ ಮೂಲೆಯ ಕತ್ತಲ ಕೋಣೆಯಾದರೇನು, ಗೋಡೆ ಒಂದೇ.

ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದರು. ಕೂಸು ಹುಟ್ಟಿದೊಡನೆ ಜಂಗಮರನ್ನು ಬರಮಾಡಿಕೊಂಡು ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮದು. ಲಿಂಗಕ್ಕೆ ಇಲ್ಲದ ಸೂತಕ ಆಶಾ ಕಾರ್ಯಕರ್ತೆಯ ತೂಕದ ಜೋಳಿಗೆಗೆ ಎಲ್ಲಿಂದ ಬಂತು? ಹೆರಿಗೆಯ ಕೋಣೆಯಲ್ಲಿ ಮೈಲಿಗೆ ಇಲ್ಲ, ತೊಳೆಯದ ಕೈಯಲ್ಲಿ ಸೋಂಕು ಉಂಟು. ಈ ಎರಡನ್ನೂ ಬೇರೆ ಮಾಡಿ ತಿಳಿಯುವುದೇ ಇಂದಿನ ಆಚಾರ.

ಕೂಲಿ ಕೇಳದ ಕೈಗಳು

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯದಿರಲಾಗದು. ಜಗಳೂರಿನಂತೆಯೇ ಮಳೆ ಕಾಣದ ಆ ಸೀಮೆಯಲ್ಲಿ, ಆಸ್ಪತ್ರೆಗಳು ದೂರವಿದ್ದ ಕಾಲದಲ್ಲಿ, ಸುಮಾರು 70 ವರ್ಷಗಳ ಕಾಲ ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ತಾಯಿ ಆಕೆ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ತುಮಕೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಇತ್ತಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ನಮ್ಮನ್ನಗಲಿದರು. ಕರೆದವರ ಮನೆಗೆ ಹೋದರು, ಕೂಸನ್ನು ಕೈಗಿತ್ತು ಬಂದರು. ಅವರ ಬಾಳೇ ದಾಸೋಹವಾಯಿತು.

ಹಾಗೆಂದು ದಾಸೋಹದ ಹೆಸರಿನಲ್ಲಿ ಬಡವಳ ದುಡಿಮೆಯನ್ನು ಪುಕ್ಕಟೆ ಪಡೆಯುವುದು ಧರ್ಮವಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯನ್ನು ಸರ್ಕಾರಿ ಕಾಗದಗಳು ಸ್ವಯಂಸೇವಕಿ ಎಂದೇ ಕರೆದವು. ಆಕೆಗೆ ಸಂಬಳವಿಲ್ಲ, ಗೌರವಧನ ಮಾತ್ರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಅದೇ ಹೆಣ್ಣುಮಕ್ಕಳು ನಿಶ್ಚಿತ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತಿದ್ದರು. ಕಾಯಕಕ್ಕೆ ತಕ್ಕ ಕೂಲಿ ಸಲ್ಲಲೇಬೇಕು. ಕೂಲಿ ಬಯಸದೆ ಮಾಡುವ ಸೇವೆ ಉಂಡುಟ್ಟು ಸುಖವಾಗಿರುವ ನಮ್ಮ ಪಾಲಿನದಾಗಬೇಕು.

ನಾವು ಮಾಡಬಹುದಾದುದು

ಇದಕ್ಕೆ ದೊಡ್ಡ ಧನವೂ ಬೇಡ, ಸಂಘದ ನೋಂದಣಿಯೂ ಬೇಡ. ಕೇರಿಗೆ ಇಬ್ಬರು ತಾಯಂದಿರು ಮನಸ್ಸು ಮಾಡಿದರೆ ಸಾಕು. ತಮ್ಮ ಕೇರಿಯ ಗರ್ಭಿಣಿಯರು ಯಾರೆಂದು ತಿಳಿದಿರಲಿ. ಕಬ್ಬಿಣಾಂಶದ ಮಾತ್ರೆ ನುಂಗಿದಳೇ, ತಪಾಸಣೆಗೆ ಹೋದಳೇ ಎಂದು ವಾರಕ್ಕೊಮ್ಮೆ ಕೇಳಲಿ. ಅಡಿಕೆ ಸುಲಿಯುವ, ನಾಟಿ ಹಾಕುವ ಸುಗ್ಗಿಯಲ್ಲಿ ಕೂಲಿ ತಪ್ಪೀತೆಂದು ತಪಾಸಣೆ ಬಿಡುವ ಬಡ ಹೆಣ್ಣುಮಗಳಿಗೆ ತೋಟದ ಒಡೆಯರು ಅರ್ಧ ದಿನದ ಕೂಲಿ ಕಡಿಯದೆ ಕಳುಹಿಸಿಕೊಡಲಿ. ಅದೂ ದಾಸೋಹವೇ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಗರ್ಭಿಣಿ-ಬಾಣಂತಿಯರಿಗೆಂದು ಹೊತ್ತಿನೂಟ ತಂದಿತು. ಹೊಸ್ತಿಲು ದಾಟಗೊಡದ ಮನೆಯ ಬಾಣಂತಿಗೆ ಅಂಥ ಊಟ ದಕ್ಕುವುದಿಲ್ಲ. ಅತ್ತೆಯವರೊಡನೆ ಮಾತನಾಡಿ ದಾರಿ ಮಾಡಿಕೊಡುವ ಹಿರಿಯರು ಬೇಕು.

ಕೂಸು ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು, ಆರು ತಿಂಗಳವರೆಗೆ ಅದೊಂದೇ. ಒಂದು ದಿನ ಕಳೆಯುವವರೆಗೆ ಸ್ನಾನ ಬೇಡ. ತೂಕ ಕಡಿಮೆಯಿದ್ದ ಕೂಸನ್ನು ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗಿಸಿ ಬೆಚ್ಚಗಿಡಬೇಕು. ತಾಯಿ ದಣಿದರೆ ತಂದೆಯೂ, ಅಜ್ಜಿಯೂ ಹಾಗೆ ಇಟ್ಟುಕೊಳ್ಳಬಹುದು. ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡಿದರೆ, ಎದೆ ಒಳಸೆಳೆದರೆ, ಫಿಟ್ಸ್ ಬಂದರೆ, ಹೊಕ್ಕುಳು ಕೆಂಪಾಗಿ ಕೀವು ಬಂದರೆ ಬೆಳಗಾಗಲೆಂದು ಕಾಯಬಾರದು. ತಾಯಿಗೆ ವಿಪರೀತ ರಕ್ತ ಹೋದರೆ, ಜ್ವರ ಬಂದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ ಆಗಲೂ ಅಷ್ಟೆ. 108ಕ್ಕೆ ಕರೆ ಮಾಡಿ ಹೊರಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ಅಂಥ ರಾತ್ರಿಯಲ್ಲಿ ಜೊತೆಗೆ ಹೊರಡುವವರೊಬ್ಬರು, ಮನೆಯಲ್ಲಿ ಉಳಿದ ದೊಡ್ಡ ಮಗುವಿಗೆ ಉಣ್ಣಿಸುವವರೊಬ್ಬರು ಸಿಕ್ಕರೆ ಆ ಕುಟುಂಬದ ಅರ್ಧ ಭಯ ಇಳಿಯುತ್ತದೆ.

ಮಠದ ದಾಸೋಹದಲ್ಲಿ ಎಲೆಯ ಮುಂದೆ ಕುಳಿತವರ ಜಾತಿ ಕೇಳದೆ ಬಡಿಸಿದ ಕೈಗಳು ನಮ್ಮವು. ಅದೇ ಕೈಗಳು ಸೋಪು ಹಚ್ಚಿ ತೊಳೆದುಕೊಂಡು ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳಲಿ. ನಿಮ್ಮ ಕೇರಿಯಲ್ಲಿ ಇಂದು ಬಾಣಂತಿ ಇದ್ದಾಳೆಯೇ? ಆಶಾ ಎಷ್ಟು ಸಲ ಬಂದು ಹೋದಳೆಂದು ಒಮ್ಮೆ ವಿಚಾರಿಸಿರಿ. ಸೇವೆಗೆ ಅದೇ ಮೊದಲ ಹೆಜ್ಜೆ.