ಚಂಡಮಾರುತದ ಕಾಲಕ್ಕೆ ಮನೆಯ ಸಿದ್ಧತೆ

ಕರಾವಳಿಯ ಗೃಹಿಣಿಗೆ ಮಳೆಗಾಲದ ಸಿದ್ಧತೆಯನ್ನು ಯಾರೂ ಹೇಳಿಕೊಡಬೇಕಾದದ್ದಿಲ್ಲ. ಸೌದೆಯನ್ನು ಒಳಗೆ ಹಾಕುವುದು, ಹಪ್ಪಳ ಸಂಡಿಗೆಗಳನ್ನು ಡಬ್ಬಿಗಳಲ್ಲಿ ತುಂಬುವುದು, ಒಡೆದ ಹಂಚುಗಳನ್ನು ಬದಲಾಯಿಸುವುದು, ಇವೆಲ್ಲ ತಾಯಿಯಿಂದ ಮಗಳಿಗೆ ಬಂದ ವಿದ್ಯೆಗಳಾಗಿವೆ. ಚಂಡಮಾರುತವಾದರೋ ಬೇರೆಯೇ ಸಂಗತಿ. ಅದು ಮಳೆಗಾಲದ ನಡುವೆ ಬರುವುದು ಅಪರೂಪ. ಅದರ ಎರಡು ಮಗ್ಗುಲುಗಳಲ್ಲಿ, ಅಂದರೆ ಏಪ್ರಿಲಿನಿಂದ ಜೂನಿನ ವರೆಗೂ ಅಕ್ಟೋಬರಿನಿಂದ ದಶಂಬರದ ವರೆಗೂ ಬರುವುದೇ ಹೆಚ್ಚು. ಬಂಗಾಳ ಕೊಲ್ಲಿಗಿಂತ ಅರಬ್ಬೀ ಸಮುದ್ರದಲ್ಲಿ ಇವು ಕಡಮೆಯಾದ್ದರಿಂದ ನಮ್ಮವರಲ್ಲಿ ಒಂದು ಬಗೆಯ ನಿಶ್ಚಿಂತೆಯು ಬೇರೂರಿದೆ. ಆದರೆ 2021ನೆಯ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ನಮ್ಮ ತೀರವನ್ನು ಏರದೆ, ಸಮುದ್ರದಲ್ಲಿಯೇ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ನೆಲಕ್ಕೇರಿತಾದರೂ, ಉಳ್ಳಾಲ ಸೋಮೇಶ್ವರಗಳ ಕಡೆಯಲ್ಲಿ ಕಡಲ ಕೊರೆತದಿಂದ ದಡದ ಮನೆಗಳಿಗೆ ಹಾನಿಯಾಯಿತು. (ಈ ಹೆಸರನ್ನು ಕೊಟ್ಟದ್ದು ಮ್ಯಾನ್ಮಾರ್ ದೇಶ, ಅದರ ಅರ್ಥ ಹಲ್ಲಿ!) ದೂರದಿಂದ ಹಾದುಹೋಗುವ ಬಿರುಗಾಳಿಯೂ ನಮ್ಮನ್ನು ಬಿಡುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮೊದಲು ಮಾಡಿನ ಮಾತು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ನಮ್ಮ ಸೀಮೆಯ ಮನೆಗಳೆಲ್ಲ ಕೆಂಪಾದವು. ಈ ಹಂಚು ಮಳೆಗೆ ಬಹಳ ಒಳ್ಳೆಯದು, ಗಾಳಿಗೆ ಅಷ್ಟಲ್ಲ. ಯಾಕಂದರೆ ಅದು ಸಾಧಾರಣವಾಗಿ ರೀಪಿನ ಮೇಲೆ ತನ್ನ ಭಾರದಿಂದಲೇ ಕುಳಿತಿರುತ್ತದೆ. ಗಾಳಿಯು ಮಾಡನ್ನು ಮೇಲಿನಿಂದ ಅದುಮಿ ಮುರಿಯುತ್ತದೆಂದು ಅನೇಕರು ತಿಳಿದಿರುವರು. ನಿಜವಾಗಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಮಾಡಿನ ಮೇಲೆ ವೇಗದಿಂದ ಹಾಯುವ ಗಾಳಿಯು ಹಂಚುಗಳನ್ನು ಮೇಲಕ್ಕೆ ಹೀರುತ್ತದೆ. ತೆರೆದ ಬಾಗಿಲು ಕಿಟಿಕಿಗಳಿಂದ ಒಳನುಗ್ಗಿದ ಗಾಳಿಯು ಅವುಗಳನ್ನು ಕೆಳಗಿನಿಂದ ನೂಕುತ್ತದೆ. ಹೀಗೆ ಎರಡು ಬಲಗಳು ಕೂಡಿದಾಗ ಮಾಡು ಏಳುತ್ತದೆ. ಆದಕಾರಣ ಗಾಳಿಗೆ ದಾರಿ ಬಿಡಬೇಕೆಂದು ಕಿಟಿಕಿಯನ್ನು ತೆರೆದಿಡುವ ಹಳೆಯ ಅಭ್ಯಾಸವು ಅಪಾಯಕರವಾದದ್ದು. ಸೂರಂಚಿನ ಹಂಚುಗಳನ್ನೂ ನೆತ್ತಿಯ ಹಂಚುಗಳನ್ನೂ ತಂತಿಯಿಂದಲೋ ಗಾರೆಯಿಂದಲೋ ಭದ್ರಪಡಿಸತಕ್ಕದ್ದು; ಪಕ್ಕಾಸುಗಳು ಗೋಡೆಗೆ ಗಟ್ಟಿಯಾಗಿ ಬಿಗಿದಿವೆಯೋ ಎಂದು ಬಡಗಿಯಿಂದ ನೋಡಿಸತಕ್ಕದ್ದು. ಕಿಟಿಕಿಯ ಗಾಜಿಗೆ ಅಂಟುಪಟ್ಟಿ ಹಚ್ಚುವುದರಿಂದ ಪ್ರಯೋಜನವಿಲ್ಲ, ಹಲಗೆ ಬಡಿಯಬೇಕು. ತೆಂಗಿನ ಮರಗಳಿಂದ ಬಲಿತ ಕಾಯಿಗಳನ್ನೂ ಒಣಮಡಲುಗಳನ್ನೂ ಮುಂಚಿತವಾಗಿ ಇಳಿಸಿಬಿಡಿರಿ. ಬಿರುಗಾಳಿಯಲ್ಲಿ ತೆಂಗಿನಕಾಯಿಯು ಗುಂಡಿನಂತೆ ಬರುತ್ತದೆ.

ಉಗ್ರಾಣದ ವಿಷಯದಲ್ಲಿ ನಮ್ಮ ತಾಯಂದಿರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವಲಕ್ಕಿ, ಬೆಲ್ಲ, ಹುರಿಹಿಟ್ಟು, ಮಗುವಿರುವ ಮನೆಯಲ್ಲಿ ಹಾಲಿನ ಪುಡಿ. ಕುಡಿಯುವುದಕ್ಕೂ ಅಡಿಗೆಗೂ ಆಳಿಗೆ ದಿನಕ್ಕೆ ಸುಮಾರು 4 ಲೀಟರು ನೀರು, ಕಡಮೆಯೆಂದರೆ ಮೂರು ದಿನಗಳಿಗಾಗುವಷ್ಟು. ಟಾರ್ಚು, ವೃದ್ಧರ ಔಷಧಗಳು, ತುಂಬಾ ಚಾರ್ಜು ಮಾಡಿದ ಮೊಬೈಲು. ಜಮೀನಿನ ಪತ್ರ, ಪಡಿತರ ಚೀಟಿ, ಆಧಾರ್, ಶಾಲೆಯ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದೇ ಕಡೆ ಇಡಿರಿ.

ಇಷ್ಟೆಲ್ಲ ಮಾಡಿದ ಮನೆಯೂ ಸಮುದ್ರವು ಉಕ್ಕಿದಾಗ ನಿಲ್ಲಲಾರದು. ಚಂಡಮಾರುತದಲ್ಲಿ ಜೀವಹಾನಿಯನ್ನು ಮಾಡುವುದು ಗಾಳಿಗಿಂತಲೂ ಹೆಚ್ಚಾಗಿ ನೀರು. ಆದ್ದರಿಂದ ಮನೆಯನ್ನು ಯಾವಾಗ ಬಿಡಬೇಕು, ಬಿಡೋಣವೆಂದು ಯಾರು ಹೇಳಬೇಕು ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 1991ನೆಯ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ತೀರದಲ್ಲಿ ಸುಮಾರು 1,40,000 ಜನರು ತೀರಿಹೋದರು. ಅಲ್ಲಿ ಮುನ್ನೆಚ್ಚರಿಕೆಯನ್ನು ಕೊಡದೆ ಇರಲಿಲ್ಲ. ಸತ್ತವರಲ್ಲಿ ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚಾಗಿದ್ದರು. ಗಂಡನು ಬಂದು ಹೇಳಲಿ ಎಂದು ಕಾದವರೂ, ಪರಪುರುಷರು ತುಂಬಿದ ಆಶ್ರಯಸ್ಥಾನಕ್ಕೆ ಹೋಗಲು ನಾಚಿದವರೂ, ಮನೆಯನ್ನೂ ದನಕರುಗಳನ್ನೂ ಕಾಯುತ್ತ ನಿಂತವರೂ ಅವರಲ್ಲಿದ್ದರು. ಮಕ್ಕಳನ್ನೆತ್ತಿಕೊಂಡು ಸೀರೆಯಲ್ಲಿ ಓಡಲಾರದೆ ಹೋದವರು ಎಷ್ಟೋ ಮಂದಿ. ಈಜು ಕಲಿತವರು ಅವರಲ್ಲಿ ವಿರಳ. ಹುಡುಗಿಯರಿಗೆ ಈಜು ಯಾತಕ್ಕೆ ಎಂದು ಕೇಳುವ ತಂದೆಗಳು ಈಗಲೂ ಉಂಟಾದ್ದರಿಂದ ಇದನ್ನು ಬಿಚ್ಚಿ ಹೇಳಿದ್ದೇವೆ.

ಇದಕ್ಕೆ ಪ್ರತಿಯಾಗಿ ಒಡಿಸ್ಸಾವನ್ನು ನೋಡಿರಿ. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನರು ಮಡಿದರು. 2019ರಲ್ಲಿ ಫನಿ ಬರುವುದಕ್ಕೆ ಮುಂಚೆ 10 ಲಕ್ಷಕ್ಕಿಂತ ಹೆಚ್ಚು ಜನರನ್ನು ತೀರದಿಂದ ಸಾಗಿಸಿದ್ದರಿಂದ ಸತ್ತವರ ಸಂಖ್ಯೆಯು ನೂರನ್ನು ಮುಟ್ಟಲಿಲ್ಲ. ಜನರು ಸಕಾಲದಲ್ಲಿ ಎದ್ದು ಹೊರಟರು. ಹವಾಮಾನ ಇಲಾಖೆಯು ಅಪಾಯಕ್ಕೆ 48 ಗಂಟೆಗಳ ಮುಂಚೆ ಒಂದು ಎಚ್ಚರಿಕೆಯನ್ನೂ 24 ಗಂಟೆಗಳ ಮುಂಚೆ ಮತ್ತೊಂದನ್ನೂ ಕೊಡುತ್ತದೆ. ತಗ್ಗಿನಲ್ಲಿ ಅಥವಾ ಅಳಿವೆಯ ಸಮೀಪದಲ್ಲಿ ಮನೆಯಿದ್ದವರು ಯಾವ ಬಂಧುವಿನ ಮನೆಗೆ, ಯಾವ ದಾರಿಯಿಂದ ಹೋಗುವುದೆಂದು ಮೊದಲೇ ಗೊತ್ತುಮಾಡಿ, ಯಜಮಾನರು ದೋಣಿಯಲ್ಲಿಯೋ ಪರಸ್ಥಳದಲ್ಲಿಯೋ ಇದ್ದರೂ ಮನೆಯಲ್ಲಿರುವ ಹೆಂಗಸರೇ ಹೊರಡುವಂತೆ ಮಾತಾಗಿರಲಿ. ಹೊರಡುವಾಗ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿ, ಗ್ಯಾಸನ್ನು ಮುಚ್ಚಿ, ದನಗಳ ಹಗ್ಗವನ್ನು ಬಿಚ್ಚಿಬಿಡಿರಿ. ಜಿಲ್ಲೆಯ ವಿಪತ್ತು ನಿರ್ವಹಣಾ ಕೋಣೆಯ ದೂರವಾಣಿ 1077.

ಇನ್ನೊಂದು ಮೋಸವನ್ನು ಹೇಳಬೇಕು. 1848ರಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬವರು ಸುತ್ತಿಕೊಂಡ ಸರ್ಪವನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಸೈಕ್ಲೋನ್ ಎಂಬ ಹೆಸರನ್ನು ಮಾಡಿದರು. ಈ ಸುತ್ತಿನ ನಡುವೆ ಗಾಳಿಯಿಲ್ಲದ ಒಂದು ಕಣ್ಣು ಇರುತ್ತದೆ. ಅದು ಮನೆಯ ಮೇಲೆ ಬಂದಾಗ ಎಲ್ಲವೂ ತಟಕ್ಕನೆ ಶಾಂತವಾಗುತ್ತದೆ, ನಕ್ಷತ್ರಗಳೂ ಕಾಣಿಸಬಹುದು. ಬಿರುಗಾಳಿಯು ಮುಗಿಯಿತೆಂದು ಅಂಗಳಕ್ಕೆ ಬಂದವರ ಮೇಲೆ ಸ್ವಲ್ಪ ಹೊತ್ತಿನಲ್ಲಿಯೇ ಗಾಳಿಯು ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಎರಗುತ್ತದೆ. ಮುಗಿಯಿತೆಂಬ ಸುದ್ದಿಯನ್ನು ಆಕಾಶದಿಂದಲ್ಲ, ರೇಡಿಯೋದಿಂದ ತಿಳಿಯತಕ್ಕದ್ದು.

ಆಮೇಲೆ ಮನೆಗೆ ಮರಳುವಾಗ ಬಿದ್ದ ತಂತಿಗಳನ್ನು ಮುಟ್ಟದೆ, ಮೂಲೆಗಳಲ್ಲಿ ಹಾವುಗಳಿವೆಯೋ ಎಂದು ಕೋಲಿನಿಂದ ನೋಡಿಯೇ ಒಳಗೆ ಹೋಗಿರಿ. ನೆರೆನೀರು ಸೇರಿದ ಬಾವಿಯನ್ನು ಬರಿದುಮಾಡಿಸಿ ಬ್ಲೀಚಿಂಗ್ ಪುಡಿ ಹಾಕಿಸುವ ವರೆಗೆ ಅದರ ನೀರನ್ನು ಕುಡಿಯಬಾರದು. ಮಗುವಿಗೆ ಭೇದಿಯಾದರೆ ಕುದಿಸಿ ಆರಿಸಿದ ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚದಲ್ಲಿ ಸಮಮಟ್ಟದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.